ಹವಾಲ್ದಾರರ ಕೆನ್ನೆಯ ಮೇಲಿಲ್ಲದ ಮಚ್ಚೆ

ಮನುಷ್ಯ ಒಂದು ಕಡೆ, ಅವನ ಕಾಗದ ಇನ್ನೊಂದು ಕಡೆ ಇರುವ ತನಕ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಮದರಾಸಿನಲ್ಲಿ ಸೈನ್ಯದ ಹಳೆಯ ದಾಖಲೆಗಳನ್ನಿಟ್ಟಿದ್ದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹೆಚ್ಚು ಕಾಲ ಕೂತದ್ದು ತಿದ್ದುಪಡಿ ಮೇಜಿನಲ್ಲಿ. ಯುದ್ಧ ಮುಗಿಸಿ, ಪಟ್ಟಿ ಬಿಚ್ಚಿಟ್ಟು ಮನೆಗೆ ಬಂದ ಸಿಪಾಯಿಗಳು "ನನ್ನ ಪುಸ್ತಕದಲ್ಲಿ ತಪ್ಪು ಬರೆದಿದ್ದಾರೆ, ಸರಿ ಮಾಡಿಕೊಡಿ" ಎಂದು ಬರುವ ಜಾಗ ಅದು. ಐವತ್ತರ ದಶಕದಲ್ಲಿ ಅವರ ಸಾಲು ವರಾಂಡ ದಾಟಿ ಬೇವಿನ ಮರದ ತನಕ ಇರುತ್ತಿತ್ತು.

ಕೆಂಪು ಶಾಯಿ

ನಮ್ಮ ಮನೆ ತಿರುವಲ್ಲಿಕ್ಕೇಣಿಯಲ್ಲಿ. ಮೂರು ತಲೆಮಾರಿನಿಂದ ಅಲ್ಲೇ ಇದ್ದುದರಿಂದ ಅಡುಗೆಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷು. ಹಾಗಾಗಿ ಕನ್ನಡದ ಸಿಪಾಯಿ ಯಾರು ಬಂದರೂ ನೇರವಾಗಿ ನನ್ನ ಮೇಜಿಗೇ ಕಳಿಸುತ್ತಿದ್ದರು.

ಕಚೇರಿಗೆ ದೊಡ್ಡವರು ಒಬ್ಬ ಮೇಜರ್ ಸಾಹೇಬರು. ಉತ್ತರದ ಕಡೆಯವರು, ಒಳ್ಳೆಯವರು. ಆದರೆ ಕಚೇರಿ ನಡೆಯುತ್ತಿದ್ದದ್ದು ನಮ್ಮ ಹೆಡ್ ಕ್ಲರ್ಕರ ಮಾತಿನ ಮೇಲೆ. ತಮಿಳಿನವರು, ಹಣೆಯ ಮೇಲೆ ಉದ್ದನೆಯ ನಾಮ, ಕೋಟಿನ ಜೇಬಿನಲ್ಲಿ ಎರಡು ಪೆನ್ನು. ದಾಖಲೆಯಲ್ಲಿ ಏನನ್ನೂ ಒರೆಸಬಾರದು, ಕೆರೆಯಬಾರದು ಎಂಬುದು ಅವರ ವ್ರತ. ತಪ್ಪಿನ ಮೇಲೆ ಕೆಂಪು ಶಾಯಿಯ ತೆಳು ಗೆರೆ ಒಂದೇ ಒಂದು. ಕೆಳಗಿನ ಅಕ್ಷರ ಸ್ಪಷ್ಟವಾಗಿ ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಸಾಹೇಬರ ಸಹಿ. ಪುಟದ ಮೇಲೆ ಎಲ್ಲಿಯೂ ಒಂದು ಚುಕ್ಕೆ ಶಾಯಿ ಬೀಳಕೂಡದು. ಬಿದ್ದರೆ ಲಿಖಿತ ವಿವರಣೆ.

ಸೇರಿದ ಮೊದಲ ವಾರವೇ ನನ್ನ ಪೆನ್ನಿನಿಂದ ಒಂದು ಹನಿ ಬಿತ್ತು. ಗಡಿಬಿಡಿಯಲ್ಲಿ ಅರ್ಧ ಪುಟ ವಿವರಣೆ ಬರೆದು ಕೊಟ್ಟೆ. ಅವರು ಓದಿ ಹಿಂದಿರುಗಿಸಿದರು. "ಓಯ್, ವಿವರಣೆ ಸರಿಯಾಗಿದೆ. ಈಗ ಈ ವಿವರಣೆಯ ಮೇಲೆ ಬಿದ್ದಿರೋ ಹನಿಗೆ ಒಂದು ವಿವರಣೆ ಬರೆದು ತಾ."

ಆರು ವರ್ಷ ಇಳಿಸಿ

ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬರುತ್ತಿದ್ದ ನಾಯಕ್ ದರ್ಜೆಯ ಒಬ್ಬ ಮಾಜಿ ಸಿಪಾಯಿಗೆ ಎರಡನೆಯ ನೌಕರಿಯಿಂದಲೂ ನಿವೃತ್ತಿ ಹತ್ತಿರವಾಗಿತ್ತು. ಅವನ ಕೈಯಲ್ಲಿ ಹೊಚ್ಚಹೊಸದಾಗಿ ಬರೆಸಿದ ಹಳೆಯ ಜಾತಕ.

"ಸಾರ್, ನನ್ನ ವಯಸ್ಸನ್ನ ಆರು ವರ್ಷ ಜಾಸ್ತಿ ಬರೆದುಬಿಟ್ಟಿದ್ದಾರೆ. ಇಳಿಸಿ."

ನಾನು ಬೆರಳು ಮಡಚಿ ಎಣಿಸಿದೆ. "ಈ ಜಾತಕದ ಪ್ರಕಾರ ನೀವು ಸೈನ್ಯ ಸೇರಿದ್ದು ಹದಿನಾಲ್ಕನೇ ವಯಸ್ಸಿಗೆ."

"ಆಗಲೇ ಒಳ್ಳೆ ಎತ್ತರ ಇದ್ದೆ ಸಾರ್."

"ಇರಲಿ. ಸೇರುವಾಗ ನಿಮಗೆ ಒಂದು ವರ್ಷದ ಮಗ ಇದ್ದ ಅಂತ ಬರೆದಿದೆಯಲ್ಲ?"

ಅವನು ಜಾತಕವನ್ನು ತಿರುಗಿಸಿ ನೋಡಿದ. "ಹಾಗಾದ್ರೆ ಅವನಿಗೂ ಆರು ವರ್ಷ ಇಳಿಸಿಬಿಡಿ."

"ಆಗ ಅವನು ಹುಟ್ಟೋದಕ್ಕೆ ಐದು ವರ್ಷ ಮೊದಲೇ ಅವನ ಹೆಸರು ಬರೆಸಿದ ಹಾಗಾಯ್ತು."

"ಹೆಸರು ಮೊದಲೇ ಇಟ್ಟಿದ್ವಿ ಸಾರ್, ಅವನು ಆಮೇಲೆ ಬಂದ." ಅಷ್ಟರಲ್ಲಿ ಅವನಿಗೆ ಇನ್ನೊಂದು ನೆನಪಾಯಿತು. "ಪುಸ್ತಕ ತೆರೆದಿದ್ದೀರಿ, ಮಗಳದ್ದೂ ಇಳಿಸಿಬಿಡಿ. ಗಂಡಿನ ಕಡೆಯೋರು ಬಂದು ಕೇಳ್ತಾ ಇದ್ದಾರೆ."

ಹೆಡ್ ಕ್ಲರ್ಕರು ಆಚೆ ಮೇಜಿನಿಂದ ತಲೆಯೆತ್ತದೆ ಕೇಳಿದರು: "ಹೆಂಡತಿಯದ್ದು ಯಾಕೆ ಬಿಟ್ಟೆ?"

"ಅವಳದ್ದು ಬೇಡ ಸಾರ್. ಅವಳದ್ದನ್ನ ಅವಳೇ ಇಳಿಸ್ಕೊಂಡಿದ್ದಾಳೆ."

ಇಲ್ಲಿಲ್ಲ, ಅಲ್ಲಿ ಇದೆ

ಒಂದು ಸೋಮವಾರ ಬೆಳಗ್ಗೆ ಒಬ್ಬ ಮಾಜಿ ಹವಾಲ್ದಾರರು ಬಂದರು. ಆರಡಿ ಆಳು, ಇಸ್ತ್ರಿ ಹಾಕಿದ ಖಾಕಿ ಅಂಗಿ, ಕೊಳ್ಳೇಗಾಲದ ಕಡೆಯ ಮಾತು. ಅವರು ಸೈನ್ಯ ಸೇರುವಾಗ ಆ ಸೀಮೆ ಮದರಾಸಿಗೆ ಸೇರಿತ್ತು, ಬಿಟ್ಟು ಬರುವಷ್ಟರಲ್ಲಿ ಮೈಸೂರಿನದಾಗಿತ್ತು. ಈಗ ಹೆಂಡತಿಯೊಂದಿಗೆ ವಡಪಳನಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರು.

"ಸ್ವಾಮಿ, ನನ್ ಬಲಗೆನ್ನೇಲಿ ಒಂದ್ ಮಚ್ಚೆ ಅದೆಯಂತೆ. ವಸಿ ತೆಗ್ದಾಕ್ಬುಡಿ."

ನೋಡಿದೆ. ಕೆನ್ನೆ ಆಗತಾನೆ ತೊಳೆದ ತಟ್ಟೆಯ ಹಾಗಿತ್ತು. "ಎಲ್ಲಿದೆ?"

"ಇಲ್ಲಿಲ್ಲ ಸ್ವಾಮಿ, ಅಲ್ಲಿ ಅದೆ" ಎಂದು ನಮ್ಮ ರಿಜಿಸ್ಟರಿನ ಕಡೆ ಕೈ ತೋರಿಸಿದರು.

ರಿಜಿಸ್ಟರ್ ತೆಗೆದೆ. ಗುರುತಿನ ಕಾಲಂನಲ್ಲಿ ಎರಡು ಸಾಲು: ಎಡ ಮೊಣಕಾಲಿನಲ್ಲಿ ಗಾಯದ ಕಲೆ; ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ.

ನಡೆದದ್ದು ಹೀಗೆ. ಯುದ್ಧದ ಕಾಲದಲ್ಲಿ ಊರಿನ ಹುಡುಗರ ಜೊತೆ ಇವರೂ ಸೈನ್ಯಕ್ಕೆ ಹೊರಟರು. ಅಷ್ಟು ಜನರ ಮುಂದೆ ಮಗ ಬರಿಮೈಯಲ್ಲಿ ಎದೆಯುಬ್ಬಿಸಿ ನಿಲ್ಲುತ್ತಾನೆಂದು ತಾಯಿಗೆ ದಿಗಿಲು. ಊರ ಕಣ್ಣೆಲ್ಲ ಇವನ ಮೇಲೇ ಬೀಳುತ್ತದೆಂದು ಹರಳೆಣ್ಣೆಯ ಕಾಡಿಗೆಯಲ್ಲಿ ಕೆನ್ನೆಗೆ ಒಂದು ದೃಷ್ಟಿಬೊಟ್ಟು ಇಟ್ಟು ಕಳಿಸಿದರು. ಅಲ್ಲಿ ಸಾಲಾಗಿ ನಿಲ್ಲಿಸಿದ ಡಾಕ್ಟರಿಗೆ ಒಬ್ಬೊಬ್ಬರ ಮುಖಕ್ಕೆ ಅರ್ಧ ನಿಮಿಷ. ಕರಿಯ ಚುಕ್ಕೆ ಕಂಡಿತು, 'ಮಚ್ಚೆ' ಎಂದು ಕೂಗಿದರು, ಪಕ್ಕದವನು ಬರೆದುಕೊಂಡ. ಸಂಜೆಯ ಹೊತ್ತಿಗೆ ಮಚ್ಚೆ ಬೆವರಿನಲ್ಲಿ ಇಳಿದುಹೋಯಿತು.

"ಆಗಲೇ ಹೇಳಬಾರದಿತ್ತೇ?"

"ಸೈನ್ಯದೋರು ಅದೆ ಅಂದುದ್ನ ಇಲ್ಲ ಅನ್ನಕಾದ್ದಾ ಸ್ವಾಮಿ? ಹದಿನೈದು ವರ್ಸ ಯಾರೂ ನನ್ ಕೆನ್ನೆ ನೋಡ್ನಿಲ್ಲ. ಈಗ ಒಬ್ಬ ನೋಡ್ಬುಟ್ಟ."

ನೋಡಿದವರು ವಡಪಳನಿಯ ಒಂದು ಸಿನಿಮಾ ಸ್ಟುಡಿಯೋದ ಮ್ಯಾನೇಜರು. ಗೇಟಿನ ಕಾವಲಿಗೆ ಮಾಜಿ ಸೈನಿಕ ಬೇಕಾಗಿತ್ತು. ಇವರ ಬಿಡುಗಡೆ ಪುಸ್ತಕ ಹಿಡಿದು ಸಾಲು ಸಾಲಾಗಿ ತಾಳೆ ನೋಡಿ, ಕೆನ್ನೆಯ ಹತ್ತಿರ ನಿಂತುಬಿಟ್ಟರಂತೆ. ಮೊಣಕಾಲ ಕಲೆ ತೋರಿಸಿದರೆ, ಮೊಣಕಾಲಲ್ಲಿ ಕಲೆ ಇಲ್ಲದ ಗಂಡಸು ಈ ದೇಶದಲ್ಲಿ ಯಾರಿದ್ದಾನೆ ಎಂದರಂತೆ. ಮಚ್ಚೆ ಎಲ್ಲಿ? ಯಾವ ಸತ್ತ ಸಿಪಾಯಿಯ ಪುಸ್ತಕ ಹಿಡಿದು ಬಂದಿದ್ದೀಯಾ? ಈ ತಿಂಗಳ ಕೊನೆಯೊಳಗೆ ಪುಸ್ತಕ ನಿನ್ನದೇ ಅಂತ ಬರೆಸಿಕೊಂಡು ಬಂದರೆ ಕೆಲಸ, ಇಲ್ಲದಿದ್ದರೆ ಬೇರೆಯವನು.

ಇಷ್ಟು ಹೇಳುವಾಗ ಹವಾಲ್ದಾರರ ದೊಡ್ಡ ಧ್ವನಿ ಸಣ್ಣದಾಯಿತು. "ಕೆಲ್ಸ ಹೋದ್ರೆ ಹೋಗ್ಲಿ ಸ್ವಾಮಿ. ಬರ್ಮಾದಲ್ಲಿ ನಡ್ದುದ್ದು ಈ ಕಾಲೇಯ. ಅದ್ನ ಇನ್ಯಾರ್ದೊ ಕಾಲು ಅಂದ್ರೆ ಹೆಂಗ್ ತಡ್ಕಳ್ಳದು?"

ನನಗೆ ಅಯ್ಯೋ ಅನ್ನಿಸಿತು. ಅವರನ್ನೇ ಕರೆದುಕೊಂಡು ಹೋಗಿ ಹೆಡ್ ಕ್ಲರ್ಕರ ಮುಂದೆ ನಿಲ್ಲಿಸಿ, ಪುರಾವೆ ಬೇಕಾದರೆ ಕೆನ್ನೆಯೇ ಎದುರಿಗಿದೆಯಲ್ಲ ಸಾರ್ ಎಂದೆ.

ಅವರು ಕನ್ನಡಕದ ಮೇಲಿನಿಂದ ಆ ಕೆನ್ನೆಯನ್ನು ನೋಡಿದರು. "ಓಯ್, ಕೆನ್ನೆ ಇವತ್ತಿನದು. ದಾಖಲೆ ಅವತ್ತಿನದು. ಅವತ್ತು ಬೊಟ್ಟು ಇಟ್ಟವರು ಬಂದು ಸಾಹೇಬರ ಮುಂದೆ ಹೇಳಿಕೆ ಕೊಡಲಿ. ಅಲ್ಲೀ ತನಕ ಈ ಕೆನ್ನೆಯಲ್ಲಿ ಮಚ್ಚೆ ಇದೆ."

ಮೀನಿನ ಪುರಾವೆ

ಪುರಾವೆ ಅಂದರೆ ಹೆಡ್ ಕ್ಲರ್ಕರಿಗೆ ಅಷ್ಟು ಪ್ರೀತಿ. ಆದರೆ ಅದೇ ವಾರ ಆ ಪ್ರೀತಿಯೇ ಅವರಿಗೆ ಮುಳುವಾಯಿತು.

ಬಂದವನು ಸಮುದ್ರದ ದಡದ ಕುಪ್ಪದವನು, ಅಂದರೆ ಮೀನುಗಾರರ ಕೇರಿಯ ಹುಡುಗ. ಅವನ ಪುಸ್ತಕದಲ್ಲಿ ಊಟದ ಕಾಲಂನಲ್ಲಿ 'ಶುದ್ಧ ಸಸ್ಯಾಹಾರಿ' ಎಂದಿತ್ತು. ಸಸ್ಯಾಹಾರಿಗಳಿಗೆ ಹಾಲು ಜಾಸ್ತಿ ಕೊಡುತ್ತಾರೆಂದು ಕೇಳಿ ಹಾಗೆ ಬರೆಸಿದ್ದನಂತೆ. ಹಾಲು ತನ್ನ ಲೆಕ್ಕದಲ್ಲಿ ಕುಡಿಯುವುದು, ಮಾಂಸ ಗೆಳೆಯರ ತಟ್ಟೆಯಲ್ಲಿ ತಿನ್ನುವುದು. ಒಂಬತ್ತು ವರ್ಷ ಸುಖವಾಗಿ ಸಾಗಿತು.

"ಈಗೇನು ಕಷ್ಟ?" ಎಂದೆ.

"ಹೆಂಡತಿ ಸಾರ್. ಮೀನು ಮಾರೋಳು. ಪಕ್ಕದ ಮನೆ ಹುಡುಗಿ ಕೈಲಿ ಪುಸ್ತಕ ಓದಿಸಿಬಿಟ್ಟಳು. ಒಂಬತ್ತು ವರ್ಷ ಸೊಪ್ಪು ತಿಂದು ಯುದ್ಧ ಗೆದ್ದವನಿಗೆ ಮನೆಯಲ್ಲಿ ಮೀನು ಯಾಕೆ, ಇದ್ದದ್ದನ್ನೆಲ್ಲ ಮಾರ್ತೀನಿ ಅಂತಾಳೆ. ಮೂರು ತಿಂಗಳಿಂದ ಬರೀ ಕೀರೆ, ಬರೀ ಸೊಪ್ಪು ಸಾರ್!"

ಹೆಡ್ ಕ್ಲರ್ಕರು ಎಂದಿನಂತೆ ಹೇಳಿದರು: "ಮಾಂಸಾಹಾರಿ ಎಂಬುದಕ್ಕೆ ಪುರಾವೆ ಒದಗಿಸು."

ಮಾರನೆಯ ದಿನ ಅವನು ಹುರಿದ ಮೀನನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಬಂದು, ಹೆಡ್ ಕ್ಲರ್ಕರ ಬ್ಲಾಟಿಂಗ್ ಪೇಪರಿನ ಮೇಲೇ ಬಿಚ್ಚಿ, ನಮಸ್ಕಾರ ಮಾಡಿ ತಿನ್ನತೊಡಗಿದ. ಏಕಾದಶಿಯ ಉಪವಾಸದಲ್ಲಿದ್ದ ಅವರು "ಪೆರುಮಾಳೇ!" ಎಂದು ಎದ್ದವರು ವರಾಂಡಕ್ಕೆ ಹೋಗಿ ನಿಂತದ್ದು, ಅಂಗವಸ್ತ್ರ ಮೂಗಿಗೆ. ಅಲ್ಲಿಂದಲೇ ಕಿಟಕಿಯ ಮೂಲಕ ಆಜ್ಞೆ ಹೇಳಿ ಬರೆಸಿದರು. ಆ ಸ್ಥಿತಿಯಲ್ಲೂ ಕ್ರಮ ತಪ್ಪಲಿಲ್ಲ. ಅವರು ಬರೆಸಿದ ಕೊನೆಯ ಸಾಲು ನನಗೆ ಇನ್ನೂ ಬಾಯಿಪಾಠ: "ಪುರಾವೆಯನ್ನು ಅರ್ಜಿದಾರನೇ ತಿಂದುಬಿಟ್ಟಿದ್ದರಿಂದ ಕಡತಕ್ಕೆ ಲಗತ್ತಿಸಿಲ್ಲ."

ಮಚ್ಚೆಯ ಅಂಗಡಿ

ಹವಾಲ್ದಾರರು ತಾಯಿಗೆ ಕಾಗದ ಬರೆದಿದ್ದರು. ಊರಿನ ಮೇಷ್ಟ್ರ ಕೈಯಲ್ಲಿ ಬರೆಸಿದ ಉತ್ತರ ಬಂತು. ಆಯಮ್ಮ ಬರುವುದಿಲ್ಲವಂತೆ. ಮಚ್ಚೆಯನ್ನು ಯಾರೂ ಮುಟ್ಟಕೂಡದಂತೆ. ಕಾರಣ ಬರೆದಿರಲಿಲ್ಲ.

ತಿಂಗಳು ಮುಗಿಯಲು ಹತ್ತು ದಿನವಿತ್ತು. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬೇಸರಕ್ಕೋ ತಮಾಷೆಗೋ ನನ್ನ ಬಾಯಿಂದ ಒಂದು ಮಾತು ಬಂತು: "ಅಲ್ಲ ಹವಾಲ್ದಾರ್ರೇ, ಅವತ್ತು ತಾಯಿ ಇಟ್ಟದ್ದನ್ನ ಇವತ್ತು ಹೆಂಡತಿ ಇಟ್ಟರೆ ಆಯ್ತಪ್ಪ. ಒಂದು ಚುಕ್ಕೆ ಕಾಡಿಗೆ, ಮುಗೀತು."

ಸೈನ್ಯದಲ್ಲಿದ್ದವರಿಗೆ ತಮಾಷೆಗೂ ಹುಕುಮಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮಾರನೆಯ ದಿನ ಹೆಂಡತಿಯ ಕೈಯಲ್ಲಿ ಕೆನ್ನೆಗೆ ಒಂದು ಕಾಸಿನಗಲದ ಬೊಟ್ಟು ಇಡಿಸಿಕೊಂಡು ಸ್ಟುಡಿಯೋಗೆ ಹೋಗಿ ಅಟೆನ್ಷನ್ನಲ್ಲಿ ನಿಂತಿದ್ದಾರೆ. ಮ್ಯಾನೇಜರು ಎದ್ದು ಬಂದು ಹೆಬ್ಬೆರಳಿನಲ್ಲಿ ಒಮ್ಮೆ ಒರೆಸಿದರಂತೆ. ಮಚ್ಚೆ ಕಿವಿಯ ತನಕ ಹೋಯಿತು.

"ಏನಪ್ಪಾ, ಯಾವ ಜಾಗಕ್ಕೆ ಬಂದಿದ್ದೀಯ ಅಂತ ಗೊತ್ತಾ? ಇಲ್ಲಿ ದಿನಾ ಬೆಳಗ್ಗೆ ಇಪ್ಪತ್ತು ಮಚ್ಚೆ ಇಟ್ಟು ಸಂಜೆ ಒರೆಸಿಹಾಕ್ತೀವಿ. ನಮಗೇ ಮಚ್ಚೆ ಮಾರೋಕೆ ಬಂದ್ಯಾ?"

ಪುಸ್ತಕ ಕಿತ್ತಿಟ್ಟುಕೊಂಡರು. ಈಗ ಮಾತು ಕೆಲಸದ್ದಷ್ಟೇ ಆಗಿರಲಿಲ್ಲ. ತಿಂಗಳ ಕೊನೆಯೊಳಗೆ ನಮ್ಮ ಕಚೇರಿಯ ಕಾಗದ ಬರದಿದ್ದರೆ ಪುಸ್ತಕ ಪೊಲೀಸರಿಗೆ. ಹವಾಲ್ದಾರರು ಇದನ್ನು ನನಗೆ ಹೇಳುವಾಗ ಕೆನ್ನೆಯಿಂದ ಕಿವಿಯ ತನಕ ಇನ್ನೂ ಮಸಿ ಇತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವರು ಅವರು.

"ನನ್ನಿಂದ ಹೀಗಾಯ್ತಲ್ಲ, ಕ್ಷಮಿಸಿ" ಎಂದೆ.

"ನಿಮ್ದೇನಿಲ್ಲ ಬುಡಿ ಸ್ವಾಮಿ. ಅಲ್ಲಿ ನೋಡ್ತಾ ನಿಂತಿದ್ದ ಮೇಕಪ್ಪಿನೋನು ಅಂದುದ್ದೇ ಮನ್ಸಿಗೆ ಚುಚ್ತು."

"ಏನಂದ?"

"ಮಚ್ಚೆ ಇಟ್ಟೋರ್ಯಾರು, ಇಷ್ಟ್ ದೊಡ್ದುನ್ನ ನಾವು ದರೋಡೆಕೋರರ ವೇಸಕ್ ಮಾತ್ರ ಇಡದು ಅಂದ."

ಇಲ್ಲದ ಸಂಸಾರ

ಆ ಚಿಂತೆಯಲ್ಲಿ ನನಗೆ ಕೆಲಸದ ಮೇಲೆ ಗಮನವಿಲ್ಲದಿದ್ದಾಗಲೇ ಪೋರೂರಿನಿಂದ ಒಬ್ಬ ಬಂದ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು, ಸಾಧು ಮನುಷ್ಯ.

"ಹೆಂಡತಿ ಹೆಸರು ತೆಗೀಬೇಕು ಸಾರ್."

"ತೀರಿಕೊಂಡರಾ?" ಎಂದೆ, ಧ್ವನಿ ತಗ್ಗಿಸಿ.

"ಇಲ್ಲ."

"ಬಿಟ್ಟು ಹೋದರಾ?"

"ಇಲ್ಲ ಸಾರ್. ಇರಲೇ ಇಲ್ಲ."

ಮದುವೆಗೆಂದರೆ ರಜೆ ಕೊಡುತ್ತಾರೆಂದು ಮದುವೆಯಾಯಿತು ಅಂತ ಬರೆಸಿದ್ದ. ಆಮೇಲೆ ಹೆಂಡತಿಗೆ ಕಾಯಿಲೆ, ರಜೆ. ಸೀಮಂತ, ರಜೆ. ಮಗ ಹುಟ್ಟಿದ, ನಾಮಕರಣ, ಮಗಳು ಹುಟ್ಟಿದಳು, ಕಿವಿ ಚುಚ್ಚುವುದು. ಎಲ್ಲವೂ ದಾಖಲೆಯಲ್ಲಿ ಕ್ರಮವಾಗಿ ಇತ್ತು. ಈಗ ಅವನಿಗೆ ನಿಜವಾಗಿ ಮದುವೆ ಗೊತ್ತಾಗಿತ್ತು.

ಹೆಡ್ ಕ್ಲರ್ಕರು ಆಲೋಚಿಸಿ, ಇಲ್ಲದವರನ್ನು ತೆಗೆಯುವುದಕ್ಕೆ ನಿಯಮವಿಲ್ಲ, ಸತ್ತವರನ್ನು ತೆಗೆಯುವುದಕ್ಕೆ ಇದೆ ಎಂದರು. ಮೂವರೂ ತೀರಿಕೊಂಡರೆಂದು ಅರ್ಜಿ ಕೊಟ್ಟರೆ ದಾರಿ ಇದೆಯೇನೋ ನೋಡೋಣ ಎಂದು ಕಾಗದ ಮುಂದಿಟ್ಟರು. ಅವನು ಪೆನ್ನು ಹಿಡಿದ. ಹೆಂಡತಿಯ ಹೆಸರಿನ ಮುಂದೆ ಬರೆದ. ಮಗನ ಹೆಸರಿನ ಹತ್ತಿರ ಕೈ ನಿಂತಿತು, ಕಣ್ಣಲ್ಲಿ ನೀರು ಬಂತು.

"ಆಗಲ್ಲ ಸಾರ್. ಪಾಪ, ಸಣ್ಣ ಮಕ್ಕಳು."

"ಅಯ್ಯಾ, ಅವರು ಇಲ್ಲವೇ ಇಲ್ಲವಲ್ಲಯ್ಯಾ!" ಎಂದೆ ನಾನು.

"ಎಷ್ಟು ವರ್ಷದಿಂದ ಇದ್ದಾರೆ ಸಾರ್. ಒಂದು ಕೆಲಸ ಮಾಡಿ" ಎಂದು ಕಣ್ಣೊರೆಸಿಕೊಂಡ. "ಮಕ್ಕಳನ್ನ ಹಾಗೇ ಬಿಡಿ, ಹೆಂಡತಿ ಹೆಸರು ಮಾತ್ರ ಬದಲಾಯಿಸಿ. ಹೊಸಬಳು ಒಳ್ಳೆಯವಳು, ನೋಡ್ಕೊಳ್ತಾಳೆ."

ಹವಾಲ್ದಾರರ ತಾಯಿ

ಕೊನೆಗೆ ನಾನೇ ಆ ತಾಯಿಗೆ ಕನ್ನಡದಲ್ಲಿ ಎರಡು ಸಾಲು ಬರೆದೆ. "ಇಲ್ಲಿ ನಿಮ್ಮ ಮಗನನ್ನು ನಿಮ್ಮ ಮಗನೇ ಅಲ್ಲ ಅನ್ನುತ್ತಿದ್ದಾರೆ. ಮುಂದೆ ನಿಮ್ಮ ಇಷ್ಟ."

ತಿಂಗಳ ಕೊನೆಯ ದಿನಕ್ಕೆ ಒಂದೇ ದಿನ ಉಳಿದಿತ್ತು. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ವರಾಂಡದಲ್ಲಿ ಗುಡುಗಿನಂಥ ಧ್ವನಿ ಕೇಳಿತು: "ಯಾವನ್ಲಾ ಅವ್ನು, ನನ್ ಮಗನ್ನ ನನ್ ಮಗ ಅಲ್ಲ ಅಂದೋನು?"

ನಾಲ್ಕೂಮುಕ್ಕಾಲು ಅಡಿಯ ಮುದುಕಿ. ಸೊಂಟಕ್ಕೆ ಎಲೆಅಡಿಕೆಯ ಚೀಲ, ಹಿಂದೆ ತಲೆ ತಗ್ಗಿಸಿ ನಿಂತ ಆರಡಿ ಮಗ. ಸಾಲಿನಲ್ಲಿದ್ದ ಸಿಪಾಯಿಗಳೆಲ್ಲ ಅವರಷ್ಟಕ್ಕೆ ಅವರೇ ದಾರಿ ಬಿಟ್ಟಿದ್ದರು.

ಮೇಜರ್ ಸಾಹೇಬರ ಕೋಣೆಗೆ ಕರೆದೊಯ್ದೆವು. ಹೆಡ್ ಕ್ಲರ್ಕರು ರಿಜಿಸ್ಟರ್ ಬಿಚ್ಚಿಟ್ಟು ಪ್ರಶ್ನೆ ಓದಿದರು, ನಾನು ಕನ್ನಡದಲ್ಲಿ ಹೇಳಿದೆ. "ಅಜ್ಜಿ, ನಿಮ್ಮ ಮಗ ಸೈನ್ಯಕ್ಕೆ ಹೊರಟ ದಿನ ಕೆನ್ನೆಗೆ ಕಾಡಿಗೆ ಇಟ್ಟಿದ್ದು ನೀವೇ ಅಲ್ಲವಾ?"

"ಇಲ್ಲ. ಅದು ಮಚ್ಚೇನೆಯ."

"ಅವ್ವಾ!" ಎಂದರು ಹವಾಲ್ದಾರರು.

"ನೀ ಸುಮ್ಕಿರು."

ಅಜ್ಜಿ ನನ್ನ ಕಡೆ ತಿರುಗಿ, ಸಾಹೇಬರಿಗೂ ಹೆಡ್ ಕ್ಲರ್ಕರಿಗೂ ಕನ್ನಡ ಬಾರದೆಂದು ಗೊತ್ತಿದ್ದರೂ ಧ್ವನಿ ತಗ್ಗಿಸಿದರು. "ನೀ ನಮ್ ಮಾತ್ನ ಮಗ, ನಿಂಗೇಳ್ತೀನಿ ಕೇಳು. ನಮ್ಮೂರಿಂದ ಆರ್ ಜನ ಹೋದ್ರು. ತಿರ್ಗಿ ಬಂದೋನು ಇವ್ನೊಬ್ನೆ. ಎಲ್ಲಾರ್ ತಾಯ್ದೀರೂ ಬೊಟ್ಟಿಟ್ಟಿದ್ರು ಕನಪ್ಪ. ಅವರ್ದೆಲ್ಲ ಬೆವರ್ಗೆ ಅಳ್ಸೋಯ್ತು. ಇವನ್ದ ಸರ್ಕಾರ್ದೋರು ಪುಸ್ತಕದಲ್ಲಿ ಬರ್ಕಂಡ್ರು ಅಂತ ಮೊದುಲ್ನೆ ರಜಕ್ ಬಂದಾಗ ಇವ್ನೇ ಅಂದ. ಅಲ್ಲಿ ಅಳ್ಸಿರ್ನಿಲ್ಲ, ಅದ್ಕೇ ಇವ್ನು ಉಳ್ದ. ಈಗ ಅದ್ನ ಒರ್ಸಿ ಅಂತ ಹೆತ್ತ ನಾನು ಬಾಯ್ಬುಟ್ಟು ಹೇಳ್ಲಾ?"

ಅಜ್ಜಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಮೇಜರ್ ಸಾಹೇಬರು ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು.

ಮೊದಲು ಮಾತಾಡಿದ್ದು ಹೆಡ್ ಕ್ಲರ್ಕರು. ಅವರಿಗೆ ಬಂದದ್ದು ಕರುಣೆಯಲ್ಲ, ಕೋಪ. "ಒರೆಸೋದಾ? ಯಾರು ಒರೆಸ್ತಾರೆ? ಓಯ್, ಆಯಮ್ಮನಿಗೆ ಹೇಳು, ನಾನು ಈ ಕುರ್ಚಿಯಲ್ಲಿ ಕೂತಾಗಿನಿಂದ ಈ ಕಚೇರಿಯಲ್ಲಿ ಒಂದು ಅಕ್ಷರ ಒರೆಸಿಲ್ಲ!"

ಎದ್ದು ಹೋಗಿ ಹಳೆಯ ರಿಜಿಸ್ಟರ್ ಒಂದನ್ನು ತಂದು ಅಜ್ಜಿಯ ಮುಂದೆ ಬಿಚ್ಚಿದರು. ಕೆಂಪು ಗೆರೆಯ ಕೆಳಗೆ ಹಳೆಯ ಅಕ್ಷರಗಳು ತಮ್ಮ ಪಾಡಿಗೆ ತಾವು ಇದ್ದವು. "ಗೆರೆ ಮೇಲೆ, ಅಕ್ಷರ ಕೆಳಗೆ. ನೂರು ವರ್ಷ ಆದರೂ ಇರುತ್ತೆ ಅಂತ ಹೇಳು."

ಅಜ್ಜಿಗೆ ಓದು ಬಾರದು, ನಂಬಿಕೆಯೂ ಸುಲಭಕ್ಕೆ ಬಾರದು. "ನನ್ ಮಗನ್ದಕ್ಕೆ ಗೀಟಾಕಿ. ಆಮ್ಯಾಕೆ ಓದಿ."

"ಹೇಳಿಕೆಗೆ ಹೆಬ್ಬೆಟ್ಟು ಬೀಳದೆ ಗೆರೆಯಾ?" ಎಂದು ಹೆಡ್ ಕ್ಲರ್ಕರು ಹಿಂದೆ ಸರಿದರು. ಸಾಹೇಬರು ಹಾಕಿ ಎಂಬಂತೆ ತಲೆಯಾಡಿಸಿದರು. ತಮ್ಮ ಜೀವಮಾನದಲ್ಲಿ ಮೊದಲ ಸಲ ಹೆಡ್ ಕ್ಲರ್ಕರು ಪುರಾವೆಯಿಲ್ಲದೆ ಗೆರೆ ಎಳೆದರು. ನಾನು ಗೆರೆಯ ಕೆಳಗಿನ ಇಂಗ್ಲಿಷನ್ನು ಓದಿ ಕನ್ನಡದಲ್ಲೂ ಹೇಳಿದೆ: ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ. ಅಜ್ಜಿ ಸಾಹೇಬರ ಕಡೆ ಬೆರಳು ತೋರಿಸಿದರು, ಅವರೂ ಓದಿದರು. ಆಮೇಲೆ ಹೆಡ್ ಕ್ಲರ್ಕರು. ಮೂವರ ಬಾಯಲ್ಲೂ ಒಂದೇ ಬಂದದ್ದು ನೋಡಿ ಅಜ್ಜಿ ನಕ್ಕರು. "ಕಾಡ್ಗೆ ಇಟ್ಟೋಳು ನಾನೇ ಕನಪ್ಪ, ಬರ್ಕೊ" ಎಂದು ಹೆಬ್ಬೆಟ್ಟು ಒತ್ತಿದರು. ಸಾಹೇಬರು ಸಹಿ ಹಾಕಿದರು. ನಾನು ಅಪ್ಪಾ ಎಂದು ಉಸಿರು ಬಿಟ್ಟೆ.

ಬಿಟ್ಟದ್ದು ಸ್ವಲ್ಪ ಬೇಗವಾಯಿತು. ಅಜ್ಜಿ ಎಲೆಅಡಿಕೆಯ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು, ಬೆರಳು ಅದ್ದಿ, "ಇಷ್ಟ್ ಜನದ್ ಕಣ್ ಬಿತ್ತಲ್ಲ" ಎನ್ನುತ್ತ ರಿಜಿಸ್ಟರಿನ ಆ ಪುಟದ ಅಂಚಿಗೆ ಒಂದು ದುಂಡನೆಯ ಕಪ್ಪು ಬೊಟ್ಟು ಇಟ್ಟುಬಿಟ್ಟರು.

ಒಂದು ಹನಿ ಶಾಯಿಗೆ ಅರ್ಧ ಪುಟ ವಿವರಣೆ ಕೇಳುತ್ತಿದ್ದ ನಮ್ಮ ಹೆಡ್ ಕ್ಲರ್ಕರ ಮುಖ ನೋಡಬೇಕಾಗಿತ್ತು. ಮೇಜರ್ ಸಾಹೇಬರು ಮೇಜು ಹಿಡಿದುಕೊಂಡು ನಕ್ಕರು, ನಕ್ಕು ಕೆಮ್ಮಿದರು. ಇರಲಿ ಬಿಡಿ, ಅದು ಯುದ್ಧ ಮಾಡಿ ಬಂದ ಚುಕ್ಕೆ ಎಂದರು.

"ಇರಲಿ ಸಾರ್" ಎಂದರು ಹೆಡ್ ಕ್ಲರ್ಕರು. "ಆದರೆ ವಿವರಣೆ ಇಲ್ಲದೆ ಇರಕೂಡದು." ಕೆಂಪು ಶಾಯಿಯಲ್ಲಿ ತಾವೇ ಬರೆದರು: "ಗುರುತಿನ ಮಚ್ಚೆ. ವ್ಯಕ್ತಿಯ ಕೆನ್ನೆಯಿಂದ ದಾಖಲೆಗೆ ವರ್ಗಾಯಿಸಲಾಗಿದೆ."

ಕಾಗದ ಹಿಡಿದು ಹವಾಲ್ದಾರರು ಅಂದೇ ವಡಪಳನಿಗೆ ಓಡಿದರು. ಮರುದಿನದಿಂದ ಸ್ಟುಡಿಯೋ ಗೇಟಿನಲ್ಲಿ ಮೀಸೆ ತಿರುವಿ ನಿಂತರು. ಪುಸ್ತಕವನ್ನು ಮ್ಯಾನೇಜರು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದರಂತೆ. ಅಜ್ಜಿ ಊರಿಗೆ ಹೋಗುವ ಮುಂಚೆ ಕಚೇರಿಗೆ ಬಂದು ನನ್ನ ಮುಖಕ್ಕೆ ನೆಟಿಗೆ ಮುರಿದರು. ಹೆಡ್ ಕ್ಲರ್ಕರು ಅವರನ್ನು ದೂರದಿಂದಲೇ ಕಂಡು ರಿಜಿಸ್ಟರುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಅರವತ್ತರ ದಶಕದಲ್ಲಿ, ಗಡಿಯಲ್ಲಿ ಗಲಾಟೆ ಎಂದು ಎಲ್ಲರ ಮನೆಯ ರೇಡಿಯೋ ಮುಂದೆ ಜನ ಕೂರುತ್ತಿದ್ದ ಕಾಲದಲ್ಲಿ, ನಮ್ಮ ಕಚೇರಿಗೆ ಒಬ್ಬ ಆಡಿಟರು ಬಂದರು. ನಗು ಕಾಣದ ಮುಖ, ಕೈಯಲ್ಲಿ ಹಸಿರು ಪೆನ್ಸಿಲು. ಪುಟ ತಿರುವುತ್ತ ತಿರುವುತ್ತ ಆ ಚುಕ್ಕೆಯ ಹತ್ತಿರ ನಿಂತರು. ಪಕ್ಕದ ಕೆಂಪು ಸಾಲನ್ನು ಎರಡು ಸಲ ಓದಿದರು. ಇದೇನು ಕಥೆ ಎಂದು ಕೇಳಿದ್ದಕ್ಕೆ ನಾನು ನಡೆದದ್ದನ್ನೆಲ್ಲ ಹೇಳಿದೆ.

"ಮೂಢನಂಬಿಕೆ. ಸರ್ಕಾರಿ ಪುಟದಲ್ಲಿ ಕಾಡಿಗೆಯಾ? ಒರೆಸಿ ಶುದ್ಧ ಮಾಡಿ" ಎಂದು ತಾವೇ ಬೆರಳಿಗೆ ನಾಲಿಗೆಯ ತೇವ ತಗುಲಿಸಿಕೊಂಡರು.

ಹೆಡ್ ಕ್ಲರ್ಕರು ಅಲುಗಾಡಲಿಲ್ಲ. ಕೆಂಪು ಶಾಯಿಯ ದೌತಿಯನ್ನು ಅವರ ಕಡೆ ಸರಿಸಿದರು. "ಧಾರಾಳವಾಗಿ ಒರೆಸಿ ಸಾರ್. ಆದರೆ ಕ್ರಮ ಅಂತ ಒಂದಿದೆ. ಒರೆಸಿದವರ ಹೆಸರು, ಹುದ್ದೆ, ಮಕ್ಕಳಿದ್ದರೆ ಮಕ್ಕಳ ಹೆಸರು, ಇಲ್ಲಿ ಪಕ್ಕದಲ್ಲಿ ಬರೆದು ಸಹಿ ಹಾಕಿಬಿಡಿ."

ಆಡಿಟರ ಬೆರಳು ಚುಕ್ಕೆಯ ಮೇಲೆ ಬಂದದ್ದು ಅಲ್ಲೇ ನಿಂತಿತು. ಮೆಲ್ಲಗೆ ಹಿಂದೆ ಹೋಯಿತು. ಕರವಸ್ತ್ರ ತೆಗೆದು ಆ ಬೆರಳನ್ನು ಚೆನ್ನಾಗಿ ಒರೆಸಿಕೊಂಡರು. ಹಸಿರು ಪೆನ್ಸಿಲಿನಲ್ಲಿ ಚುಕ್ಕೆಯ ಪಕ್ಕ 'ಸರಿಯಾಗಿದೆ' ಎಂದು ಗುರುತು ಹಾಕಿ ರಿಜಿಸ್ಟರ್ ಮುಚ್ಚಿದರು. ಬಾಗಿಲ ತನಕ ಹೋದವರು ಮತ್ತೆ ತಿರುಗಿ ಬಂದು, ನನ್ನ ಕಿವಿಯ ಹತ್ತಿರ ಬಗ್ಗಿದರು.

"ನನ್ನ ಮಗ ಮುಂದಿನ ವಾರ ಸೈನ್ಯಕ್ಕೆ ಸೇರ್ತಾ ಇದ್ದಾನೆ ಸಾರ್. ಅವನ ಕೆನ್ನೆಯಲ್ಲಿ ಮಚ್ಚೆ ಇಲ್ಲ. ಬರೆಸೋದಕ್ಕೆ ಯಾವ ಫಾರಂ?"